ಎಮ್ಮೆಗಳಿಗೆ ಯಾರೂ ಹೇಳಿರಲಿಲ್ಲ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ರತ್ನಮಾಲಾ ಅಕ್ಕನವರೇ, ಅತಿಥಿಗಳೇ, ಶಿವಬಸವ ನಗರದ ನಮ್ಮ ಓಣಿಯ ಮಹಿಳಾ ಮಂಡಳದ ತಾಯಂದಿರೇ, ಚಹಾ ಬಂತೇನೋ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನನ್ನ ಮಾತು ಅಲ್ಲಲ್ಲಿ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಗಳು ಹುಟ್ಟಿದಾಗಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಅವಳು ಅತ್ತರೆ ಯಾಕೆ ಅತ್ತಳೆಂದು ಎದ್ದು ಕೂರುತ್ತೇನೆ. ಅಳದಿದ್ದರೆ ಯಾಕೆ ಅಳಲಿಲ್ಲವೆಂದು. ಈಗ ಅವಳು ಮುಂದಿನ ಸಾಲಿನಲ್ಲಿ ಆಯಿಯ ತೊಡೆಯ ಮೇಲಿದ್ದಾಳೆ. ಇವತ್ತು ನೀವು ಸನ್ಮಾನಿಸುತ್ತಿರುವ ಜನಾಬಾಯಿ ಕೋಕರೆಯವರೇ ನನ್ನ ಆಯಿ, ನನ್ನ ತಾಯಿಯ ತಾಯಿ. ಖಾನಾಪುರದ ಕಾಡಿನಲ್ಲಿ ಎಮ್ಮೆ ಸಾಕುವ ಗೌಳಿ ಜನ ನಾವು.

ನನ್ನ ಬಾಣಂತನಕ್ಕೆ ಬಂದಾಗ ಆಯಿ ಟೆಂಪೋದಲ್ಲಿ ಒಂದು ಎಮ್ಮೆಯ ಕರುವನ್ನೂ ತಂದಿದ್ದಳು. ಮನೆಯಲ್ಲಿ ಹೆಣ್ಣು ಹುಟ್ಟಿದರೆ ಹೆಣ್ಣುಗರು ಕೊಡುವುದು ಅವಳ ಮನೆತನದ ಪದ್ಧತಿ. ನಮ್ಮದೋ ಎರಡನೇ ಮಹಡಿ.

"ಆಯಿ, ಇದನ್ನ ಎಲ್ಲಿ ಕಟ್ಟೂಣು?"

"ಬಾಲ್ಕನಿ ಐತೆಲ್ಲ! ನಿನ್ನ ಗಂಡನ ಅರಬಿ ಒಳಗ ಒಣಗ್ತಾವ ತಗೋ."

ಕೆಳಗಿನ ಮನೆಯ ಪದ್ಮಶ್ರೀ ಅಕ್ಕ ಹಿತ್ತಲು ಬಿಟ್ಟುಕೊಟ್ಟರು. ಅವರ ಗುಲಾಬಿ ಗಿಡಗಳ ಕ್ಷಮೆಯನ್ನು ಈ ಸಭೆಯಲ್ಲಿ ಕೇಳುತ್ತೇನೆ.

ಆ ಕರುವಿನ ವಂಶ ಉಳಿದದ್ದೇ ಒಂದು ಕಥೆ. ಆಯಿಯ ಗೌಳಿವಾಡ, ಅಂದರೆ ನಮ್ಮ ಜನರ ಹಟ್ಟಿ, ಇದ್ದ ಕಣಿವೆಯಲ್ಲಿ ವಿದ್ಯುತ್ತಿಗಾಗಿ ಆಣೆಕಟ್ಟು ಕಟ್ಟಿದರು. ಜನರನ್ನು ಸಾಗಿಸಲು ಲಾರಿ ಬಂದಾಗ ಎಮ್ಮೆಗಳು ಕಾಡಿನಲ್ಲಿ ಮೇಯುತ್ತಿದ್ದವು. ಅವುಗಳನ್ನು ನಮ್ಮವರು ಹುಡುಕಿ ಹೊಡೆದುಕೊಂಡು ಬರುವುದಿಲ್ಲ. ಸಂಜೆಯಾದರೆ ತಾವೇ ಮನೆಗೆ ಬರುತ್ತವೆ. ಆ ದಿನವೂ ಬಂದೇ ಬರುತ್ತವೆಂದು ನಂಬಿ ಪಾತ್ರೆ, ಕೋಳಿ, ಮಕ್ಕಳನ್ನು ಲಾರಿಗೆ ಏರಿಸಿ ಹೊರಟುಬಿಟ್ಟರು. ಎಮ್ಮೆಗಳು ಬಂದವು. ಆದರೆ ಯಾವ ಮನೆಗೆ? ನೀರು ನುಗ್ಗುತ್ತಿದ್ದ ಹಳೆಯ ಅಂಗಳಕ್ಕೆ ಬಂದು ತಮ್ಮ ತಮ್ಮ ಗೂಟದ ಹತ್ತಿರ ನಿಂತವು. ಹಸುಗೂಸಾಗಿದ್ದ ನನ್ನ ಅವ್ವನನ್ನು ಬಗಲಲ್ಲಿಟ್ಟುಕೊಂಡು ಆಯಿ ವಾಪಸು ಹೋಗಿ ನೀರಿಗಿಳಿದಳು.

"ಹೆದರಿಕಿ ಬರಲಿಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಬಂತಲ್ಲ! ಅದೂ ನನ್ನ ಜೋಡಿನ ನೀರಾಗ ಇಳೀತು. ಎಮ್ಮಿ ಅಲ್ಲಿ ನಿಂತಾವ, ನಾ ಎಲ್ಲಿ ಹೋಗ್ಲಿ?"

ಒಂದು ಮುದಿ ಎಮ್ಮೆ ಮಾತ್ರ ಗೂಟ ಬಿಟ್ಟು ಬರಲೇ ಇಲ್ಲ.

ಆ ನೀರಿನ ಕರೆಂಟೇ ನನ್ನ ಮಗಳ ತಲೆಯ ಮೇಲೆ ಫ್ಯಾನು ತಿರುಗಿಸುತ್ತಿರಬಹುದು. ಕರೆಂಟು ಹೋದರೆ ಮೊದಲು ಶಪಿಸುವವಳೂ ನಾನೇ. ಆಯಿ ನಗುತ್ತಾಳೆ: "ನಮ್ಮ ಮನಿ ಮುಳುಗಿಸಿದ ನೀರು ಇಷ್ಟ ಲಗೂನ ಖಾಲಿ ಆತೇನು?" ಅವಳ ಈಗಿನ ಗೌಳಿವಾಡಕ್ಕೆ ಆ ಕರೆಂಟು ಇನ್ನೂ ನೆಟ್ಟಗೆ ಬಂದಿಲ್ಲ.

ಈಗ ಅಲ್ಲಿಯೂ ಇನ್ನೊಂದು ಆಣೆಕಟ್ಟಿನ ಮಾತಿದೆ. ಕಟ್ಟಿದರೆ ಈ ವಾಡವೂ ಮುಳುಗುತ್ತದೆ. ಸೋಮವಾರ ಖಾನಾಪುರದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ. "ನೀ ಸಾಲಿ ಕಲ್ತಾಕಿ, ನೀನ ಮಾತಾಡು" ಎಂದಳು ಆಯಿ. ಬಿಸಿಲು, ಧೂಳು, ಬಸ್ಸಿನ ಗದ್ದಲ ಎಂದು ನಾನು ಕೂಸಿನ ನೆಪ ಹೇಳಿದೆ. ಅವಳು ಒತ್ತಾಯಿಸಲಿಲ್ಲ.

ಆದರೆ ಈಗಷ್ಟೇ ಮೇಜಿನ ಮೇಲಿರುವ ಸ್ಮರಣಿಕೆ ಓದಿದೆ: "ನಾಡಿಗಾಗಿ ಮನೆ ತ್ಯಾಗ ಮಾಡಿದ ಮಹಾತಾಯಿ." ಪ್ರೀತಿಯಿಂದ ಬರೆಸಿದ್ದೀರಿ, ಬಲ್ಲೆ. ಆದರೆ ತ್ಯಾಗವೆಂದರೆ ಕೊಡುವುದಲ್ಲವೇ? ಅವಳನ್ನು ಕೇಳಿದವರು ಯಾರು? ಅವಳು ಕೊಟ್ಟದ್ದು ಯಾವಾಗ? ಸೋಮವಾರ ಯಾರಾದರೂ ಇದನ್ನೇ ಎತ್ತಿ ತೋರಿಸಿ, ಹಿಂದೆ ಮನಸಾರೆ ಕೊಟ್ಟವರು ಈಗಲೂ ಕೊಡುತ್ತಾರೆ ಎಂದರೆ ಏನು ಉತ್ತರ ಕೊಡೋಣ?

ಅಧ್ಯಕ್ಷರೇ, ಆಯಿಗೆ ಶಾಲು ಹೊದಿಸಿ, ಹಾರ ಹಾಕಿ. ಕುಂದಾ ಮಿಠಾಯಿ ಎಂದರೆ ಅವಳಿಗೆ ಜೀವ, ಎರಡು ಡಬ್ಬಿ ಕೊಟ್ಟರೂ ಬೇಡ ಅನ್ನುವುದಿಲ್ಲ. ಸ್ಮರಣಿಕೆ ಮಾತ್ರ ಇಲ್ಲೇ ಇರಲಿ. ಅದರಲ್ಲಿ ಬರೆದದ್ದನ್ನು ಓದಲು ಅವಳಿಗೆ ಬರುವುದಿಲ್ಲ. ಓದಬಲ್ಲ ನಾನೇ ಅವಳ ಪರವಾಗಿ ಬೇಡವೆನ್ನಬೇಕು. ಇದೇ ಮೊದಲ ಸಲ ಬೇಡ ಅಂದಿದ್ದೇನೆ. ಸೋಮವಾರ ಕೂಸನ್ನು ಕರೆದುಕೊಂಡೇ ಖಾನಾಪುರದ ಸಭೆಗೆ ಹೋಗಿ ಎರಡನೇ ಸಲ ಅನ್ನುತ್ತೇನೆ.

ಮಾತಿಗೆ ಕರೆದ ಮಂಡಳಕ್ಕೂ, ಚಹಾ ಮರೆತು ಕೇಳಿದ ನಿಮಗೂ ತುಂಬ ಉಪಕಾರ. ನಮಸ್ಕಾರ.