ಬಾಗಲ ಹಿಂದ ನಿಂತಿದ್ದ ಅತ್ತಿ

…ಹಂಗನಬಾರದವ್ವಾ, ನಿನ್ನ ಗೆಳತಿ ಸೋಗು ಹಾಕ್ಯಾಳ ಅಂತ ನಿನಗ್ಹೆಂಗ ಗೊತ್ತು? ಕಾಲೇಜು ಬಿಟ್ಟಾಳ, ಮಾತಾಡ್ಸಿದ್ರ ಗ್ವಾಡಿ ನೋಡ್ತಾಳ, ಅಷ್ಟ ಹೌದಿಲ್ಲೋ? ನನಗೂ ಹಂಗ ಆಗಿತ್ತು, ಕುಂದರ ಇಲ್ಲೆ. ಗುಡೂರಿಂದ ನಾ ಈ ಇಳಕಲ್ಲಿಗೆ ಸೊಸಿಯಾಗಿ ಬಂದ ಹೊಸತು. ಮಗ್ಗದ ಮನಿ, ಹಗಲೆಲ್ಲ ಖಟಖಟ ಸಪ್ಪಳ, ಆ ಸಪ್ಪಳದಾಗ ಯಾರೋ ನನ್ನ ಹೆಸರು ಹಿಡಿದು ಬೈದಂಗ ಕೇಳಾಕ ಹತ್ತಿತು. ಮಾವನೋರು ಚಾ ಕೊಟ್ರ, ಅಲ್ಲ, ಮಾವ ಎಲ್ಲಿ ಕೊಡ್ತಾರ, ಅತ್ತಿ ಕೊಟ್ರ, ಇದ್ರಾಗ ಏನೋ ಹಾಕ್ಯಾರ ಅಂತ ಹಿತ್ತಲದಾಗ ಚೆಲ್ಲತಿದ್ದೆ. ನಿಮ್ಮಜ್ಜ ಕೆಮ್ಮಿದ್ರೂ ಯಾರಿಗೋ ಸನ್ನಿ ಮಾಡಿದ್ರು ಅನಸೂದು.

ಬಾಗಲಕೋಟಿ ದವಾಖಾನಿಗೆ ತೋರಿಸಿದ್ರು. ಗುಳಿಗಿ ನುಂಗಿದ ಮ್ಯಾಲ ಆ ದನಿ ಹೋತು, ಎಲ್ಲಾರೂ ಆರಾಮಾದ್ಲು ಅಂದ್ರು. ಆರಾಮೆಲ್ಲಿ? ಒಳಗ ಎಲ್ಲಾ ಖಾಲಿ. ಅಳು ಬರವಲ್ದು, ನಗು ಬರವಲ್ದು, ಜಳಕಕ್ಕ ಏಳೂದಂದ್ರ ಗುಡ್ಡಾ ಹತ್ತಿದಂಗ. ಒಲಿ ಮ್ಯಾಲ ಹಾಲಿಟ್ಟು, ಮುಂದೇನು ಮಾಡಬೇಕನ್ನೂದ ಮರ್ತು, ಉಕ್ಕೂದನ್ನ ನೋಡ್ಕೋತ ನಿಂತಬಿಡತಿದ್ದೆ. ಅತ್ತಿ ಓಣ್ಯಾಗಿನವರ ಮುಂದ, "ಉಣ್ಣಾಕ ಬರ್ತೈತಿ, ಕೆಲಸಕ್ಕಷ್ಟ ಜಡ್ಡು. ಬ್ಯಾರೆ ಮನಿ ಮಾಡೂ ಹಂಚಿಕಿ ಇಕೀದು" ಅಂದ್ರು. ಯಾರೂ ಇಲ್ಲದಾಗ ನಾ ನೆಟ್ಟಗ ಇರ್ತೇನೇನೋ ಅಂತ ಬಾಗಲ ಹಿಂದ ನಿಂತು ನೋಡೋರು. ಮೊದಲ ನಾ ಅವರ ಮ್ಯಾಲ ಸಂಶೆ ಪಟ್ಟಿದ್ದೆ, ಆಮ್ಯಾಲ ಅವರು ನನ್ನ ಮ್ಯಾಲ, ನೋಡು. ತವರಿಗೆ ಕಳಿಸಿ ಕೈ ತೊಳಕೊಳ್ಳೂ ಮಾತೂ ನಡೀತು.

ಒಂದಿನ ಮನ್ಯಾಗ ನಾ ಒಬ್ಬಾಕಿನ ಅಂತ ತಿಳಿದು ಸೀರಿ ಉಡಾಕ ನಿಂತೆ. ನಿರಿಗಿ ಹಿಡೀತೇನಿ, ಮುಂದ ಹೆಂಗನ್ನೂದು ತಲಿಗೆ ಹತ್ತವಲ್ದು. ಬಿಚ್ಚತೇನಿ, ಮತ್ತ ಹಿಡೀತೇನಿ, ಮತ್ತ ಬಿಚ್ಚತೇನಿ. ಅತ್ತಿ ಬಾಗಲ ಹಿಂದ ಇದ್ರು. ಭಾಳೊತ್ತು ನೋಡಿ ಒಳಗ ಬಂದು, "ನೀ ಸೆರಗಷ್ಟ ಹಿಡಿ, ನಿರಿಗಿ ನಾ ಮಾಡ್ತೇನಿ" ಅಂದ್ರು.

ಮುಂದಿನ ಸಲ ಬಾಗಲಕೋಟಿಗೆ ಅತ್ತಿ ತಾವ ನನ್ನ ಕರ್ಕೊಂಡು ಹೋದ್ರು. ಡಾಕ್ಟರ್ರು, "ಇದು ಮೈಗಳ್ಳತನ ಅಲ್ರಿ ಅಮ್ಮಾ, ಮೊದಲ ದನಿ ಕೇಳಸ್ತಿತ್ತಲ್ಲ, ಇದೂ ಅದ ಜಡ್ಡಿಂದು. ಗುಳಿಗಿ ಬಿಡಸಬ್ಯಾಡ್ರಿ, ಒಂದು ಹೊತ್ತಿಗೆ ಒಂದ ಕೆಲಸ ಹೇಳ್ರಿ" ಅಂದ್ರು. ಆವತ್ತಿಂದ ಅತ್ತಿ, "ಹಾಲಿಡು" ಅಂದು ಬಾಜೂಕ ಕುಂದ್ರತಿದ್ರು. ಉಕ್ಕಿದ್ರ, "ಈಗ ಒಲಿ ಆರಸು". ಹಂಗ ಮಾಡ್ಕೋತ ಮಾಡ್ಕೋತ ಒಂದೊಂದ ಕೆಲಸ ಕೈಗೆ ಹತ್ತಿತು. ಪೂರಾ ಮೊದಲಿನಂಗ ಆಗಲಿಲ್ಲ ಬಿಡು, ಈಗೂ ಇಬ್ರು ಒಮ್ಮೆಲೆ ಮಾತಾಡಿದ್ರ ನನಗ ಒಂದೂ ತಿಳಿಯಂಗಿಲ್ಲ. ಮಂದಿ ಸುಮ್ನ ಕುಂತಾರಂದ್ರ ಸುಖಾ ಪಡಾಕ ಹತ್ಯಾರ ಅಂತ ತಿಳೀಬಾರದವ್ವಾ.