ಫಕ್ಕೀರಪ್ಪ ಮಾತು ಮುಗಿಸುವವರೆಗೆ

ನಾಲ್ಕು ಜನರನ್ನು ಮುನ್ನಡೆಸುವವನಿಗೆ ಮೊದಲು ಬೇಕಾದದ್ದು ಯಾವುದು? ಗಟ್ಟಿ ದನಿ ಎನ್ನುತ್ತೀರಿ. ಇರಲಿ. ನನ್ನ ತಾಯಿ ಹೇಳುತ್ತಿದ್ದ ಒಂದು ಸಂಗತಿ ಹೇಳುತ್ತೇನೆ, ಕೇಳಿ. ಸಂಜೆ ಹತ್ತಿ ಗಿರಣಿಯ ಕೆಲಸದಿಂದ ಬಂದು, ಕೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ಹೇಳುತ್ತಿದ್ದಳು. ಈಗ ಆ ಗಿರಣಿಯೂ ಇಲ್ಲ, ಅವಳೂ ಇಲ್ಲ.

ಗದಗಿನ ಕಡೆ ಒಬ್ಬ ಸಾಹುಕಾರರಿದ್ದರು, ನೋಡಿ. ಹತ್ತಿಯಿಂದ ಬೀಜ ಬಿಡಿಸುವ ಆ ಗಿರಣಿ ಅವರದು. ಕೈಕೆಳಗೆ ಇನ್ನೂರು ಜನ. ಕೆಟ್ಟವರಲ್ಲ. ದೀಪಾವಳಿಗೆ ಹೆಣ್ಣುಮಕ್ಕಳಿಗೆಲ್ಲ ಸೀರೆ ಕೊಡುತ್ತಿದ್ದರು. ಕೈ ದೊಡ್ಡದು. ಆದರೆ ನಾಲಿಗೆ? ನಾಲಿಗೆ ಚೂರಿ! ಎದುರಿನವರ ಮಾತು ಅರ್ಧ ಆಗುವಷ್ಟರಲ್ಲಿ ಇವರ ಉತ್ತರ ಮುಗಿದಿರುತ್ತಿತ್ತು.

ಅಲ್ಲಿ ಯಂತ್ರಕ್ಕೆ ಎಣ್ಣೆ ಹಾಕುವ ಫಕ್ಕೀರಪ್ಪ ಎಂಬವನಿದ್ದ. ಅವನಿಗೆ ಉಗ್ಗು. ಒಂದು ದಿನ ಯಂತ್ರದ ಅಚ್ಚು ತಿರುಗುವ ಬೇರಿಂಗು ಕೈ ಸುಡುವಷ್ಟು ಕಾದದ್ದನ್ನು ಕಂಡು ಸಾಹುಕಾರರ ಹತ್ತಿರ ಓಡಿದ.

“ಸಾ... ಸಾವ್ಕಾರ್ರ, ಬ್ಯಾ... ಬ್ಯಾ...”

“ಬ್ಯಾ ಬ್ಯಾ ಅನ್ನಾಕ ನೀ ಏನ್ ಕುರಿ ಏನಲೇ?” ಎಂದರು ಸಾಹುಕಾರರು.

ಗಿರಣಿಗೆ ಗಿರಣಿಯೇ ನಕ್ಕಿತು. “ನಾನೂ ನಕ್ಕೆಪಾ,” ಎನ್ನುತ್ತಿದ್ದಳು ನನ್ನ ತಾಯಿ. ಎಷ್ಟು ವರ್ಷ ಕಳೆದರೂ ಆ ಮಾತು ಹೇಳುವಾಗ ಅವಳ ತಲೆ ತಗ್ಗುತ್ತಿತ್ತು.

ಫಕ್ಕೀರಪ್ಪ ಹೋಗಿ ತಾನೇ ಎಣ್ಣೆ ಸುರಿದು ಅದನ್ನು ತಣ್ಣಗೆ ಮಾಡಿದ. ಅಂದಿನಿಂದ ಬಾಯಿ ಬಿಡಲಿಲ್ಲ. ಏನಿದ್ದರೂ ಕೈಸನ್ನೆ. ಅವನೊಬ್ಬನೇ ಅಲ್ಲ, ಉಳಿದವರೂ ಹೇಳುವುದನ್ನು ಬಿಟ್ಟರು. ನಗೆಪಾಟಲಾಗಲು ಯಾರಿಗೆ ಇಷ್ಟ ಹೇಳಿ? ಸಾಹುಕಾರರು ಹಿಗ್ಗಿದರು. ‘ನನ್ನ ಗಿರಣಿಯಲ್ಲಿ ಒಂದು ತಕರಾರಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಆರು ತಿಂಗಳಾಯಿತು. ಮಟಮಟ ಮಧ್ಯಾಹ್ನ. ಅದೇ ಬೇರಿಂಗು ಮತ್ತೆ ಕಾಯಿತು. ಈ ಸಲ ಎಣ್ಣೆಗೂ ತಣಿಯಲಿಲ್ಲ, ಯಂತ್ರ ನಿಲ್ಲಿಸಲು ಸಾಹುಕಾರರ ಅಪ್ಪಣೆ ಬೇಕು. ಫಕ್ಕೀರಪ್ಪ ಆಫೀಸಿನ ಬಾಗಿಲಿಗೆ ಬಂದು ನಿಂತ. ಒಳಗೆ ವ್ಯಾಪಾರಿಗಳು ಕೂತಿದ್ದಾರೆ. ಸಾಹುಕಾರರು ಹುಬ್ಬು ಗಂಟಿಕ್ಕಿ ನೋಡಿದರು. ಇವನು ಬಾಯಿ ತೆರೆದ, ಮತ್ತೆ ಮುಚ್ಚಿದ. ತಿರುಗಿ ಓಡಿದ. ಅಷ್ಟರಲ್ಲಿ ಕಿಡಿ ಹತ್ತಿಗೆ ತಾಗಿತ್ತು. ಹತ್ತಿಗೆ ಬೆಂಕಿ ಬಿದ್ದರೆ ಕೇಳಬೇಕೇ? ಹೆಣ್ಣುಮಕ್ಕಳನ್ನೆಲ್ಲ ಅವನೇ ಹೊರಗೆ ದಬ್ಬಿದ. ನನ್ನ ತಾಯಿಯನ್ನೂ. ಉರಿಯುತ್ತಿದ್ದ ಹತ್ತಿಯ ಅಂಡಿಗೆಗಳನ್ನು ಬಾಗಿಲಿನಿಂದ ಎಳೆದು ಹಾಕುವಾಗ ಅವನ ಎರಡೂ ಕೈ ಬೆಂದುಹೋದವು.

ಸಾಹುಕಾರರು ಆಸ್ಪತ್ರೆಗೆ ಹೋಗಿ ಅವನ ಹಾಸಿಗೆಯ ಪಕ್ಕ ಕೂತರು. “ಬಾಗಲತನಾ ಬಂದಿದ್ದಿ. ಯಾಕ ಹೇಳ್ಲಿಲ್ಲೋ ಫಕ್ಕೀರಪ್ಪಾ?”

ಅವನು ಉತ್ತರ ಕೊಡಲು ಶುರು ಮಾಡಿದ. ಮಾತು ಹೊರಡಲೊಲ್ಲದು. ಸಾಹುಕಾರರ ನಾಲಿಗೆ ತುದಿಗೆ ಮಾತು ಬಂದಿತ್ತು, ನುಂಗಿಕೊಂಡರು. ಹುಟ್ಟಿದಾರಭ್ಯ ಮೊದಲ ಸಲ ಕಾದರು.

“ನೀ... ನೀವು... ನ... ನಗ್ತೀರಿ ಅಂತ... ಹೇಳ್ಲಿಲ್ರೀ.”

ಸಾಹುಕಾರರಿಗೆ ಅಲ್ಲಿ ಬಹಳ ಹೊತ್ತು ಕೂರಲು ಆಗಲಿಲ್ಲವಂತೆ.

ಗಿರಣಿ ಮತ್ತೆ ಎದ್ದಿತು. ಪೂಜೆಯ ದಿನ ಇನ್ನೂರು ಜನ ನೆರೆದಿದ್ದರು. ಸಾಹುಕಾರರು ಆಸ್ಪತ್ರೆಯಲ್ಲಿ ಕೇಳಿದ ಮಾತನ್ನು ಎಲ್ಲರಿಗೂ ತಾವೇ ಹೇಳಿ, ಕೈ ಮುಗಿದು ನಿಂತರು. “ಎಲ್ಲಾರ ಮುಂದ ಇವ್ನಿಗೆ ಕುರಿ ಅಂದಿದ್ದೆ. ಅದಕ್ಕ ಎಲ್ಲಾರ ಮುಂದನ ತಪ್ಪಾತು ಅಂತೀನಿ. ಫಕ್ಕೀರಪ್ಪಾ, ಯಂತ್ರ ಹೆಂಗ ನೋಡ್ಕೋಬೇಕು, ನೀನ ಹೇಳು. ನಾವು ಕೇಳ್ತೀವಿ.”

ಫಕ್ಕೀರಪ್ಪ ಹೇಳಿದ. ಕಾಲು ಗಂಟೆ ಹಿಡಿಯಿತು. ಅವನ ಬಾಯಿಂದ ಒಂದು ಶಬ್ದವನ್ನೂ ಯಾರೂ ಕಸಿದುಕೊಳ್ಳಲಿಲ್ಲ. “ಅವನ ದನಿ ಎಷ್ಟ್ ಚಂದ ಇತ್ತಪಾ,” ಎನ್ನುತ್ತಿದ್ದಳು ನನ್ನ ತಾಯಿ, “ಹತ್ತು ವರ್ಷ ಬಾಜೂಕ್ಕ ಕೆಲ್ಸಾ ಮಾಡಿದ್ರೂ ನಮಗ ಗೊತ್ತಿರ್ಲಿಲ್ಲ.”

ನೀವು ಗಿರಣಿಯ ಸಾಹುಕಾರರಲ್ಲ, ನಿಜ. ಆದರೆ ಮನೆಗೆ ಹಿರಿಯರಲ್ಲವೇ? ಶಾಲೆಗೆ ಹೆಡ್‌ಮಾಸ್ತರರಲ್ಲವೇ? ಸಂಘಕ್ಕೆ ಅಧ್ಯಕ್ಷರಲ್ಲವೇ? ನಿಮ್ಮ ಸೊಸೆ ಯಾಕೆ ಮಾತು ಕಡಿಮೆ ಮಾಡಿದ್ದಾಳೆ, ಕೇಳಿದ್ದೀರಾ? ಎದುರು ಮಾತಾಡುವವರಿಲ್ಲ ಎಂದು ಹಿಗ್ಗುತ್ತೀರಲ್ಲ, ಅವರಿಗೆ ಹೇಳುವುದು ಏನೂ ಇಲ್ಲವೋ, ಅಥವಾ ನಿಮಗೆ ಹೇಳಿ ಪ್ರಯೋಜನವಿಲ್ಲವೋ?

ನಿಮ್ಮನ್ನು ಮಾತ್ರ ಬೈಯುತ್ತಿಲ್ಲ. ಕೊನೆಯ ಕಾಲದಲ್ಲಿ ನನ್ನ ತಾಯಿ ಏನೋ ಹೇಳಲು ಕರೆದಳು. “ಅವ್ವಾ, ಪ್ರವಚನಕ್ಕ ಹೊತ್ತಾತು, ಬಂದು ಕೇಳ್ತೀನಿ,” ಎಂದು ಹೊರಟುಬಿಟ್ಟೆ. ಬರುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಅದು ಏನಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅದಕ್ಕೇ ಹೇಳುತ್ತೇನೆ. ಇವತ್ತು ಮನೆಗೆ ಹೋಗಿ, ನೀವು ಯಾರ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದೀರೋ ಅವರ ಹತ್ತಿರ ಕೂತುಕೊಳ್ಳಿ. ‘ಅವತ್ತು ಏನೋ ಹೇಳಾಕ ಬಂದಿದ್ದಿ, ಏನದು?’ ಎಂದು ಕೇಳಿ. ಕೂಡಲೇ ಹೇಳಲಿಕ್ಕಿಲ್ಲ. ನಾಳೆ ಮತ್ತೆ ಕೇಳಿ. ನಾಡಿದ್ದೂ ಕೇಳಿ. ಹೇಳಲು ಶುರು ಮಾಡಿದ ದಿನ ಕಾಯಿರಿ. ತಡವರಿಸಿದರೆ ಕಾಯಿರಿ. ನಿಮ್ಮ ತಪ್ಪನ್ನೇ ಎತ್ತಿ ಆಡಿದರೂ ಕಾಯಿರಿ. ಅವರು ಪೂರ್ತಿ ಮುಗಿಸಿದ ಮೇಲೆ ನೀವು ಬಾಯಿ ತೆರೆಯಿರಿ.