ಪ್ಲಾಸ್ಟರಿನ ತೂಕ ಎಷ್ಟು?

ಅಧ್ಯಕ್ಷರೇ, ನನ್ನನ್ನು ಬೀಳ್ಕೊಡಲು ಬಂದಿರುವ ವೈದ್ಯರೇ, ಮಕ್ಕಳ ವಾರ್ಡಿನ ನನ್ನ ಸಿಸ್ಟರುಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ಎರಡು ಮಾತಾಡಿ ಎಂದರು. ಔಷಧಿಯ ಲೆಕ್ಕ ಬಿಟ್ಟು ನನಗೆ ಬೇರೇನು ಗೊತ್ತು? ದೊಡ್ಡವರಿಗೆ ಒಂದು ಮಾತ್ರೆ ಎಂದರೆ ಮುಗಿಯಿತು. ಮಗುವಿಗೆ ಹಾಗಲ್ಲ, ಕಿಲೋಗೆ ಇಷ್ಟೆಂದು ತೂಕಕ್ಕೆ ತಕ್ಕಂತೆ ಗುಣಿಸಬೇಕು. ಇಬ್ಬರು ನರ್ಸುಗಳು ಬೇರೆಬೇರೆ ಕೂತು ಗುಣಿಸಬೇಕು, ಉತ್ತರ ಒಂದೇ ಬಂದರೆ ಮಾತ್ರ ಸಿರಿಂಜ್ ಮುಟ್ಟಬೇಕು.

ನಾನು ಹೊಸಬಳಾಗಿದ್ದಾಗ, ತೊಡೆಮೂಳೆ ಮುರಿದ ಪುಟ್ಟ ಹುಡುಗಿಯೊಬ್ಬಳು ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ವಾರ್ಡಿಗೆ ಬಂದಳು. ನೋವಿಗೆ ಇಂಜೆಕ್ಷನ್ ಕೊಡಬೇಕಿತ್ತು. ಹೆಚ್ಚಾದರೆ ಉಸಿರನ್ನೇ ತಗ್ಗಿಸುವ ಔಷಧಿ ಅದು. ಇಬ್ಬರೂ ಲೆಕ್ಕ ಹಾಕಿದೆವು, ಉತ್ತರ ಒಂದೇ. ಅಷ್ಟರಲ್ಲಿ ಅವಳ ತಾಯಿ, "ನಿನ್ನೆವರೆಗೂ ಎತ್ಕೊಂಡು ಓಡಾಡ್ತಿದ್ದೆ ಸಿಸ್ಟರ್, ಇವತ್ತು ಎತ್ತೋಕೇ ಆಗ್ತಿಲ್ಲ" ಎಂದರು.

ತೂಗಿದ್ದು ಯಾವಾಗ? ಪ್ಲಾಸ್ಟರ್ ಹಾಕಿದ ಮೇಲೆ! ಸಿರಿಂಜ್ ಅಲ್ಲೇ ಇಟ್ಟು ಪ್ಲಾಸ್ಟರ್ ಕೋಣೆಗೆ ಓಡಿದೆ.

"ನೀವು ಹಾಕಿದ ಪ್ಲಾಸ್ಟರ್ ಎಷ್ಟು ತೂಕ?"

ಅಲ್ಲಿ ಪ್ಲಾಸ್ಟರ್ ಕಟ್ಟುವ ತರುಣರೊಬ್ಬರು ಕೈಯ ಸುಣ್ಣದಂಥ ಪುಡಿ ಕೊಡವುತ್ತಾ, "ಕಟ್ಟೋದು ನನ್ನ ಕೆಲಸ ಸಿಸ್ಟರ್. ತೂಗೋಕೆ ನಾನೇನು ಅಂಗಡಿ ಇಟ್ಕೊಂಡಿದ್ದೀನಾ?" ಎಂದು ನಕ್ಕರು. ಆದರೂ ಇನ್ನೊಂದು ಮಗುವಿನಿಂದ ಬಿಚ್ಚಿದ್ದ ಅಂಥದೇ ಪ್ಲಾಸ್ಟರನ್ನು ತಕ್ಕಡಿಯ ಮೇಲಿಟ್ಟರು. ಮುಳ್ಳು ಎರಡು ಕಿಲೋ ದಾಟಿತು. ಅವರ ನಗು ಇಳಿದುಹೋಯಿತು. ವೈದ್ಯರು ಪ್ರಮಾಣ ಇಳಿಸಿದರು, ಹುಡುಗಿ ನೆಮ್ಮದಿಯಾಗಿ ನಿದ್ದೆ ಹೋದಳು.

ಮರುದಿನದಿಂದ ಆ ಮನುಷ್ಯ ಮಕ್ಕಳನ್ನು ಮೊದಲೇ ತೂಗಿ, ತೂಕವನ್ನು ಪ್ಲಾಸ್ಟರಿನ ಮೇಲೇ ನೀಲಿ ಪೆನ್ಸಿಲಿನಲ್ಲಿ ಬರೆದು ಕಳಿಸತೊಡಗಿದರು. ಈಗಲೂ ನಮ್ಮಲ್ಲಿ ಅದೇ ಪದ್ಧತಿ. ಒಂದು ದಿನ ಮಗುವಿನ ಕಾಲಿನ ಮೇಲೆ ಹೀಗಿತ್ತು: "ಹನ್ನೊಂದು ಕಿಲೋ. ಸಿಸ್ಟರ್, ಊಟ ಆಯ್ತಾ?" ಮಗುವಿನ ಅಜ್ಜಿ ಇಡೀ ವಾರ್ಡಿಗೆ ಕೇಳುವಂತೆ ಓದಿಬಿಟ್ಟರು. ನಾಚಿಕೆಯಿಂದ ಸತ್ತೇಹೋದೆ. ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ?

ಅಯ್ಯೋ, ಇದನ್ನೆಲ್ಲ ಹೇಳಬೇಕೆಂದಿರಲಿಲ್ಲ. ಹೇಳಬೇಕಾದದ್ದು ಇಷ್ಟೇ: ಹೊಸ ಹುಡುಗಿಯರೇ, ಇಬ್ಬರ ಉತ್ತರ ಒಂದೇ ಬಂತೆಂದು ಸುಮ್ಮನಾಗಬೇಡಿ. ತೂಕ ಎಲ್ಲಿಂದ ಬಂತೆಂದು ಹೋಗಿ ಕೇಳಿ. ಕೇಳಲು ಹೋದಲ್ಲೆಲ್ಲ ಗಂಡ ಸಿಗುತ್ತಾನೆಂದು ಭರವಸೆ ಕೊಡಲಾರೆ. ಮಗು ಉಳಿಯುತ್ತದೆ.

ಅಗೋ, ಮುಂದಿನ ಸಾಲಿನಿಂದ ಆಗಲೇ ಕೈಸನ್ನೆ, ಊಟ ಆಯ್ತಾ ಎಂದು. ಇನ್ನೂ ಇಲ್ಲ ಕಣ್ರೀ, ಬಂದೆ, ಒಟ್ಟಿಗೇ ಮಾಡೋಣ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು, ನಮಸ್ಕಾರ.